ನಿಂದ್ರಸ್ಲಾಕ ಎಷ್ಟು ಕೊಟ್ಟಿ?

ಹೋದ ವಾರ ಆಫೀಸಿನ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ನಮ್ಮ ಟೀಮಿನ ಹುಡುಗನೊಬ್ಬ ನನ್ನನ್ನು ತಡೆದು ನಿಲ್ಲಿಸಿದ. ಎರಡು ತಿಂಗಳ ಹಿಂದೆ ಟರ್ಬೊ ಪೆಟ್ರೋಲ್ ಕಾರು ತಗೊಂಡಿದ್ದಾನೆ. ಸೆಕೆಂಡ್ ಹ್ಯಾಂಡ್, ಆದರೆ ಹೊಸದಕ್ಕಿಂತ ಚೆಂದ ಇಟ್ಟುಕೊಂಡಿದ್ದಾನೆ.

"ಸಾರ್, ಸ್ಟೇಜ್ ಒನ್ ರೀಮ್ಯಾಪ್ ಮಾಡಿಸ್ಬೇಕು ಅಂತಿದ್ದೀನಿ. ಸ್ಟಿಕರ್ ಇಲ್ಲ, ಸ್ಪಾಯ್ಲರ್ ಇಲ್ಲ, ಸೌಂಡ್ ಇಲ್ಲ. ಹೊರಗಡೆಯಿಂದ ಯಾರಿಗೂ ಏನೂ ಗೊತ್ತಾಗಲ್ಲ. ನೀವೂ ಮಾಡಿಸಿದ್ರಂತಲ್ಲ, ಯಾರ ಹತ್ರ?"

"ನಿನ್ನ ಟೈರು ಯಾವ ವರ್ಷದ್ದು?" ಅಂತ ಕೇಳಿದೆ.

ಜೋಕು ಅಂದುಕೊಂಡು ನಕ್ಕ. ಲಿಫ್ಟ್ ಬಂತು, ಮಾತು ಅಲ್ಲಿಗೇ ನಿಂತಿತು. ಆದರೆ ಅವನಿಗೆ ಹೇಳಬೇಕಾದ್ದು ನನ್ನೊಳಗೆ ನಾಲ್ಕು ದಿನ ಕುದಿಯಿತು. ಅದೇ ಪಾರ್ಕಿಂಗ್‌ನಲ್ಲಿ ಅಂಥ ಕಾರುಗಳು ಇನ್ನೂ ಹತ್ತಾದರೂ ಇವೆ. ಹಾಗಾಗಿ ಎಲ್ಲರಿಗೂ ಸೇರಿಸಿ ಇಲ್ಲೇ ಹೇಳಿಬಿಡುತ್ತೇನೆ.

ಮೊದಲೇ ಒಪ್ಪಿಕೊಳ್ಳುತ್ತೇನೆ, ಈ ಹುಚ್ಚು ನನಗೂ ಇತ್ತು, ಈಗಲೂ ಇದೆ. 'ಕಾರು ಅಂದ್ರೆ ನಾಲ್ಕು ಗಾಲಿ, ಒಂದು ಸ್ಟೇರಿಂಗು, ಅದಕ್ಕೇಕೆ ಇಷ್ಟು ತಲೆಬಿಸಿ' ಅನ್ನುವವರ ಗುಂಪಿನವನು ನಾನಲ್ಲ. ಹೊರಗೆ ಸಾದಾ, ಒಳಗೆ ಬೆಂಕಿ ಇರುವ ಕಾರಿಗೆ ಅಮೆರಿಕದವರು ಸ್ಲೀಪರ್ ಅಂತಾರೆ, ಇಂಗ್ಲೆಂಡಿನವರು ಕ್ಯೂ-ಕಾರ್ ಅಂತಾರೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆ ವ್ಯಾಪಾರಿ ಹಡಗುಗಳ ವೇಷದೊಳಗೆ ತೋಪು ಬಚ್ಚಿಟ್ಟು ಜರ್ಮನಿಯ ಸಬ್‌ಮರೀನ್‌ಗಳಿಗೆ ಬಲೆ ಬೀಸುತ್ತಿತ್ತು. ಅವುಗಳನ್ನು ಕ್ಯೂ-ಹಡಗು ಅನ್ನುತ್ತಿದ್ದರು, ಆ ಹೆಸರೇ ಕಾರಿಗೂ ಬಂತು.

ನನಗೆ ಈ ರುಚಿ ಹತ್ತಿದ್ದು ಯುದ್ಧದ ಕಥೆಯಿಂದಲ್ಲ, ಊರಿನಿಂದ. ನಾನು ಅಫಜಲಪುರ ತಾಲೂಕಿನವನು. ನಮ್ಮಲ್ಲಿ ಇದ್ದದ್ದನ್ನು ತೋರಿಸಿಕೊಳ್ಳುವುದು ಅಪಾಯದ ಕೆಲಸ. ಕಣ್ಣು ಬೀಳುತ್ತದೆ ಅಂತ ಅವ್ವ ಹೆದರುತ್ತಾಳೆ, ಸಾಲ ಕೇಳಲು ಬರುತ್ತಾರೆ ಅಂತ ಅಪ್ಪ ಹೆದರುತ್ತಾನೆ. ಹೀಗೆ ಬೆಳೆದವನಿಗೆ ಕೆಂಪು ಸ್ಟಿಕರ್ ಹಚ್ಚಿ, ಸೈಲೆನ್ಸರ್ ಒದರಿಸಿಕೊಂಡು ಓಡಾಡಲು ನಾಚಿಕೆ. ನನ್ನದು ಬಿಳಿ ಸೆಡಾನ್. ಕಂಪನಿ ಕೊಟ್ಟ ಗಾಲಿ, ಕಂಪನಿ ಕೊಟ್ಟ ಎತ್ತರ. ಹಿಂದಿನ ಗಾಜಿನ ಮೂಲೆಯಲ್ಲಿ ಗಾಣಗಾಪುರದ ದತ್ತಾತ್ರೇಯನ ಸಣ್ಣ ಚಿತ್ರ. ಒಳಗಿನ ಸುದ್ದಿ ಗೊತ್ತಿದ್ದದ್ದು ನನಗೆ, ಟ್ಯೂನರ್‌ಗೆ, ಮತ್ತೆ 38 ಜನರಿರುವ ಒಂದು ವಾಟ್ಸಾಪ್ ಗುಂಪಿಗೆ. ಯಾರಿಗೂ ತೋರಿಸಿಕೊಳ್ಳದವನು 38 ಜನರಿಗೆ ಡೈನೊ ಪೇಪರಿನ ಫೋಟೊ ಕಳಿಸಿದ್ದ ಅನ್ನುವುದು ಆಗ ನನಗೆ ವಿಚಿತ್ರ ಅನಿಸಿರಲಿಲ್ಲ.

ರೀಮ್ಯಾಪ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಟರ್ಬೊ ಎಂಜಿನ್‌ನಲ್ಲಿ ಹೊಗೆಯ ರಭಸಕ್ಕೆ ಒಂದು ಟರ್ಬೈನ್ ತಿರುಗುತ್ತದೆ, ಅದಕ್ಕೆ ಜೋಡಿಸಿದ ಕಂಪ್ರೆಸರ್ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಎಷ್ಟು ಒತ್ತಬೇಕು, ಎಷ್ಟು ಪೆಟ್ರೋಲ್ ಸಿಂಪಡಿಸಬೇಕು, ಕಿಡಿ ಯಾವಾಗ ಹಾರಬೇಕು, ಎಲ್ಲವನ್ನೂ ಇಸಿಯು ಅನ್ನುವ ಪುಟ್ಟ ಕಂಪ್ಯೂಟರ್ ತನ್ನೊಳಗಿನ ಕೋಷ್ಟಕಗಳನ್ನು ನೋಡಿ ತೀರ್ಮಾನಿಸುತ್ತದೆ. ಆ ಕೋಷ್ಟಕದ ಅಂಕಿ ಬದಲಿಸುವುದೇ ರೀಮ್ಯಾಪ್. ಒಂದು ನಟ್ಟು ಬಿಚ್ಚಬೇಕಿಲ್ಲ, ಲ್ಯಾಪ್‌ಟಾಪ್ ಚುಚ್ಚಿ ಅರ್ಧ ದಿನ ಕೂತರೆ ಸಾಕು. ಸಾಫ್ಟ್‌ವೇರ್ ಎಂಜಿನಿಯರ್‌ಗೆ ಇದಕ್ಕಿಂತ ದೊಡ್ಡ ಆಮಿಷ ಏನಿದೆ? ನಲವತ್ತು ಸಾವಿರ ಕೊಟ್ಟೆ. ಶಕ್ತಿ ಕಾಲು ಭಾಗ ಹೆಚ್ಚಾಯಿತು.

ಅದಾಗಿ ಹದಿನೈದು ದಿನಕ್ಕೆ, 2022ರ ಜನವರಿಯಲ್ಲಿ, ಎಳ್ಳಮವಾಸ್ಯೆ ಬಂತು. ಕಲಬುರಗಿ ಸೀಮೆಯಲ್ಲಿ ಆವತ್ತು ಊರಿಗೆ ಊರೇ ಹೊಲಕ್ಕೆ ಹೋಗಿ ಉಣ್ಣುತ್ತದೆ. ನಮ್ಮ ಅಕ್ಕನನ್ನು ಆಳಂದ ತಾಲೂಕಿಗೆ ಕೊಟ್ಟಿದೆ. ಅವರ ಹೊಲದಲ್ಲಿ ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಉಂಡು, ಕತ್ತಲಾದ ಮೇಲೆ ಅಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು ಅಫಜಲಪುರದ ದಾರಿ ಹಿಡಿದೆ. ಡಿಕ್ಕಿಯಲ್ಲಿ ಅಕ್ಕ ಹೇರಿಸಿದ ಜೋಳದ ಚೀಲ, ತೊಗರಿ ಬೇಳೆಯ ಚೀಲ. ಹಿಂದಿನ ಸೀಟಿನ ಮೇಲೆ ಸ್ಟೀಲ್ ಡಬ್ಬಿಯಲ್ಲಿ ಅವ್ವನಿಗೆಂದು ಕಟ್ಟಿದ ಭಜ್ಜಿ. ಓಮಿಕ್ರಾನ್ ಭಯದ ದಿನಗಳು, ರಾತ್ರಿ 10ಕ್ಕೆ ಕರ್ಫ್ಯೂ. ಹತ್ತರೊಳಗೆ ಮನೆ ಸೇರಬೇಕು ಅನ್ನುವುದು ನೆಪ. ಹೊಸ ಮ್ಯಾಪ್ ಹೇಗೆ ಎಳೆಯುತ್ತದೆ ಅಂತ ಅಪ್ಪನಿಗೆ ತೋರಿಸಬೇಕಿತ್ತು. ಗಾಡಿ ಜೋರು ಮಾಡಿಸಿದ್ದೀನಿ ಅಂತ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದೆ.

ಅದು ಕಬ್ಬಿನ ಹಂಗಾಮು. ಅಫಜಲಪುರದಲ್ಲಾಗಲಿ, ಆಳಂದದಲ್ಲಾಗಲಿ, ಜೇವರ್ಗಿಯಲ್ಲಾಗಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ರಾತ್ರಿ ರಸ್ತೆ ಯಾರದ್ದು ಅಂತ ಆ ಕಡೆಯವರಿಗೆ ಗೊತ್ತು. ಎರಡೆರಡು ಟ್ರಾಲಿ ಕಟ್ಟಿಕೊಂಡು, ಮಾಳಿಗೆ ಎತ್ತರಕ್ಕೆ ಕಬ್ಬು ಹೇರಿಕೊಂಡು ಟ್ರ್ಯಾಕ್ಟರುಗಳು ಕಾರ್ಖಾನೆಗೆ ಹೋಗುತ್ತವೆ. ನನಗೂ ಗೊತ್ತಿತ್ತು. ಗೊತ್ತಿದ್ದೂ ಸ್ಪೀಡೋಮೀಟರಿನ ಮುಳ್ಳು 100ರ ಹತ್ತಿರ ಇತ್ತು.

ಎದುರಿನಿಂದ ಒಂದು ಗೂಡ್ಸ್ ಗಾಡಿ ಫುಲ್ ಲೈಟ್ ಹಾಕಿಕೊಂಡು ಬಂತು. ಅವನನ್ನು ಬೈದೆ. ತಪ್ಪು ನನ್ನದೂ ಇತ್ತು ಅಂತ ಆಮೇಲೆ ಅರ್ಥವಾಯಿತು: ಡಿಕ್ಕಿಯ ಭಾರಕ್ಕೆ ಹಿಂಭಾಗ ಕುಸಿದು ನನ್ನ ಹೆಡ್‌ಲೈಟ್ ಮೇಲಕ್ಕೆದ್ದಿತ್ತು. ನಾನು ಡಿಪ್ ಹಾಕಿದ್ದರೂ ಅವನ ಕಣ್ಣಿಗೆ ಚುಚ್ಚುತ್ತಿತ್ತು. ಅವನು ಸಿಟ್ಟಿಗೆ ಫುಲ್ ಹಾಕಿದ. ಅವನು ದಾಟಿದ ಮೇಲೆ ಎರಡು ಕ್ಷಣ ಬರೀ ಕಪ್ಪು. ಅಮವಾಸ್ಯೆ ಬೇರೆ. ಆ ಕಪ್ಪಿನೊಳಗಿಂದ ಕಬ್ಬು ಬಂತು.

ಬ್ರೇಕ್ ಮೇಲೆ ನಿಂತೆ. ಎಬಿಎಸ್ ಕಾಲಡಿಯಲ್ಲಿ ಕಟಕಟ ಅಂದಿತು, ಕಾರು ನಿಲ್ಲಲಿಲ್ಲ, ಜಾರುತ್ತಾ ಹೋದ ಹಾಗೆ ಅನಿಸಿತು. ನಿಂತಾಗ ಜೋತುಬಿದ್ದ ಕಬ್ಬಿನ ತುದಿಗಳು ಬಾನೆಟ್ ಮೇಲೆ ಮಲಗಿದ್ದವು. ಡಬ್ಬಿ ಹಾರಿ ಬಂದು ಗೇರ್ ಲಿವರಿಗೆ ಬಡಿದು ಭಜ್ಜಿ ಎಲ್ಲ ಕಡೆ ಚೆಲ್ಲಿತ್ತು. ಅಪ್ಪನ ಎರಡೂ ಕೈ ಡ್ಯಾಶ್‌ಬೋರ್ಡಿಗೆ ಒತ್ತಿಕೊಂಡಿದ್ದವು. ಟ್ರ್ಯಾಕ್ಟರ್ ನಿಧಾನವಾಗಿಯಾದರೂ ಮುಂದಕ್ಕೆ ಹೋಗುತ್ತಿತ್ತು, ಅದೇ ನಮ್ಮ ಪುಣ್ಯ. ಕೆಟ್ಟು ನಿಂತ ಟ್ರಾಲಿ ಆಗಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ.

ಇಳಿದು ಹೋಗಿ ಟ್ರ್ಯಾಕ್ಟರ್ ಹುಡುಗನ ಮೇಲೆ ಕೂಗಾಡಿದೆ. ರಿಫ್ಲೆಕ್ಟರ್ ಎಲ್ಲಿ ಅಂತ ಕೇಳಿದೆ. ಅವನು ಹಿಂದಕ್ಕೆ ಬಂದು, ಕಬ್ಬಿನ ರವದಿ ಎತ್ತಿ ತೋರಿಸಿದ. "ಅದಾವ್ರಿ ಅಣ್ಣಾ, ಕಬ್ಬು ಜೋತುಬಿದ್ದು ಮುಚ್ಚ್ಯಾದ್ರಿ." ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ, "ನೀವೂ ಭಾಳ ಜೋರ್ ಬಂದ್ರಿ" ಅಂದ.

ಅಪ್ಪ ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ. ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವಾಗ ಕೇಳಿದ:

"ನಿನ್ನಿ ಹೇಳ್ಲತ್ತಿದ್ದೆಲ್ಲ, ಗಾಡಿ ಜೋರ್ ಮಾಡ್ಸೀನಿ ಅಂತ. ಎಷ್ಟ್ ಕೊಟ್ಟಿ?"

"ನಲವತ್ತು ಸಾವಿರ."

ಬಸಿಯಲ್ಲಿದ್ದ ಚಹಾ ಮುಗಿಸಿದ. "ಓಡಿಸ್ಲಾಕ ನಲವತ್ತು ಸಾವಿರ. ನಿಂದ್ರಸ್ಲಾಕ ಎಷ್ಟು ಕೊಟ್ಟಿ ತಮ್ಮಾ?"

ಉತ್ತರ ಸೊನ್ನೆ. ಅಪ್ಪ ಜೀವನದಲ್ಲಿ ಕಾರು ಓಡಿಸಿದವನಲ್ಲ. ಆದರೆ ಮೂಗುದಾರ ಹಾಕದ ಹೋರಿಯ ಹೆಗಲಿಗೆ ನೊಗ ಇಟ್ಟವನೂ ಅಲ್ಲ. ನಾಲ್ಕು ವರ್ಷ ಬಿಇ ಓದಿದ ನನಗೆ ಹೊಳೆಯದ ಕ್ರಮ ಅವನಿಗೆ ಸಹಜವಾಗಿ ಗೊತ್ತಿತ್ತು.

ಈಗ ಲೆಕ್ಕಕ್ಕೆ ಬರೋಣ. ಅಪಾಯ ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಒಂದೂವರೆ ಸೆಕೆಂಡ್ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಒಣ ಡಾಂಬರು, ಒಳ್ಳೆಯ ಟೈರು ಅಂತಲೂ ಇಟ್ಟುಕೊಳ್ಳಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಪೂರ್ತಿ ನಿಲ್ಲಲು ಸುಮಾರು 65 ಮೀಟರ್ ಬೇಕು. 100ಕ್ಕೆ ಸುಮಾರು 90 ಮೀಟರ್, 120ಕ್ಕೆ ಸುಮಾರು 120 ಮೀಟರ್. ಡಿಪ್ ಲೈಟಿನಲ್ಲಿ ದೀಪವಿಲ್ಲದ ಕಪ್ಪು ಟ್ರಾಲಿ ಸ್ಪಷ್ಟವಾಗಿ ಕಾಣುವುದು ಐವತ್ತು, ಬಹಳವಾದರೆ ಅರವತ್ತು ಮೀಟರಿನಿಂದ. ಅಂದರೆ ನಮ್ಮ ಸೀಮೆಯ ರಾತ್ರಿ ರಸ್ತೆಗೆ 80 ಕೂಡ ಹೆಚ್ಚು. ಈ ಲೆಕ್ಕದಲ್ಲಿ ಎಂಜಿನ್ ಎಲ್ಲಿದೆ ಹುಡುಕಿ. ವೇಗ ಅನ್ನುವ ಅಂಕಿಯನ್ನು ದೊಡ್ಡದು ಮಾಡುವ ಜಾಗದಲ್ಲಿ ಮಾತ್ರ. 80ರಿಂದ 120ಕ್ಕೆ ಹೋದರೆ ವೇಗ ಒಂದೂವರೆ ಪಟ್ಟು, ಬ್ರೇಕ್ ತಿನ್ನಬೇಕಾದ ಶಕ್ತಿ ಎರಡೂಕಾಲು ಪಟ್ಟು. ಹೈಸ್ಕೂಲಿನ ಫಿಸಿಕ್ಸ್ ಇದು, ನಲವತ್ತು ಸಾವಿರ ಕೊಡುವಾಗ ಮರೆತುಹೋಗುತ್ತದೆ.

ನನ್ನ ವಾದ ಇಷ್ಟೇ. ಹೊರಗೆ ಕಾಣದ ಅಪ್‌ಗ್ರೇಡ್ ಮಾಡಿಸಬೇಕು ಅಂತ ನಿಜವಾಗಿಯೂ ಆಸೆ ಇದ್ದರೆ, ಮೊದಲು ನಿಲ್ಲುವುದಕ್ಕೆ, ಆಮೇಲೆ ಕಾಣುವುದಕ್ಕೆ, ಆಮೇಲೆ ತಿರುಗುವುದಕ್ಕೆ, ಆಮೇಲೆ ತಣ್ಣಗಿರುವುದಕ್ಕೆ ದುಡ್ಡು ಹಾಕಿ. ಓಡುವುದು ಕೊನೆಗೆ. ಇವುಗಳಲ್ಲಿ ಒಂದೂ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಸ್ಲೀಪರ್ ಬೇಕಿತ್ತಲ್ಲ, ಇದಕ್ಕಿಂತ ಸ್ಲೀಪರ್ ಯಾವುದು?

ಮೊದಲು ಟೈರು. ಬ್ರೇಕ್ ನಿಲ್ಲಿಸುವುದು ಗಾಲಿಯನ್ನು, ಕಾರನ್ನು ನಿಲ್ಲಿಸುವುದು ಟೈರು. ರಸ್ತೆಗೂ ನಿಮಗೂ ಇರುವ ಸಂಬಂಧ ಅಂಗೈ ಅಗಲದ ನಾಲ್ಕು ರಬ್ಬರ್ ತುಂಡು. ಕಂಪನಿ ಕೊಡುವ ಟೈರಿನಲ್ಲಿ ಮೈಲೇಜ್, ಬಾಳಿಕೆ, ಬೆಲೆ ಎಲ್ಲ ನೋಡಿ ರಾಜಿ ಮಾಡಿರುತ್ತಾರೆ. ಅದೇ ಅಳತೆಯಲ್ಲಿ ಹಿಡಿತ ಹೆಚ್ಚಿರುವ ಟೈರು ಸಿಗುತ್ತದೆ. ಅಗಲ ಮಾಡಿಸಬೇಡಿ, ರಿಮ್ ಬದಲಿಸಬೇಡಿ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಗೆರೆ ಆಳ ಇದ್ದ ಮಾತ್ರಕ್ಕೆ ಟೈರು ಚೆನ್ನಾಗಿದೆ ಅಂತಲ್ಲ, ಬಿಸಿಲಲ್ಲಿ ನಿಂತ ರಬ್ಬರ್ ಗಟ್ಟಿಯಾಗುತ್ತದೆ. ನನ್ನ ಟೈರಿನ ಗೆರೆ ಆವತ್ತು ಚೆನ್ನಾಗಿಯೇ ಇತ್ತು. ರಬ್ಬರ್ ಮಾತ್ರ ಉಗುರು ಒತ್ತಿದರೆ ಇಳಿಯುತ್ತಿರಲಿಲ್ಲ.

ಆಮೇಲೆ ಬ್ರೇಕ್. ದೊಡ್ಡ ಡಿಸ್ಕು, ಕೆಂಪು ಕ್ಯಾಲಿಪರ್ ಬೇಡ. ಒಳ್ಳೆಯ ಪ್ಯಾಡ್ ಮತ್ತು ಹೊಸ ಬ್ರೇಕ್ ಆಯಿಲ್ ಸಾಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಅನ್ನುತ್ತದೆ ನಿಯಮ, ತೇವ ಕುಡಿದದ್ದಕ್ಕೆ ಅದು ಬರೀ 155. ಘಾಟಿ ಇಳಿಯುವಾಗ ಅದು ಕುದ್ದರೆ ಪೆಡಲ್ ಪಾತಾಳಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಲು ಆಗುವ ಖರ್ಚು ವಾರಾಂತ್ಯದ ಒಂದು ಬಿರಿಯಾನಿ ಪಾರ್ಟಿಗಿಂತ ಕಡಿಮೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎಷ್ಟು ಜನ ಬದಲಿಸಿದ್ದೀರಿ ಅಂತ ಕೇಳಿದೆ. ಮೂರು ಜನ ಕೈ ಎತ್ತಿದರು. ರೀಮ್ಯಾಪ್ ಆದವರು ಹನ್ನೊಂದು.

ಆಮೇಲೆ ದೀಪ. ಕಣ್ಣು ಕುಕ್ಕುವ ನೀಲಿ ಬಲ್ಬ್ ಅಲ್ಲ, ಇರುವ ಲೈಟನ್ನು ಸರಿಯಾದ ಕೋನಕ್ಕೆ ಕೂರಿಸುವುದು. ಸ್ಟೇರಿಂಗ್ ಬಲಕ್ಕೆ ಸೊನ್ನೆಯಿಂದ ಮೂರರವರೆಗೆ ಬರೆದ ಪುಟ್ಟ ಚಕ್ರವೊಂದು ಬಹಳ ಕಾರುಗಳಲ್ಲಿ ಇರುತ್ತದೆ. ಡಿಕ್ಕಿಯಲ್ಲಿ ಭಾರ ಇದ್ದಾಗ ಲೈಟನ್ನು ಕೆಳಕ್ಕೆ ಇಳಿಸಲು ಇರುವುದು ಅದು. ಆ ರಾತ್ರಿ ನಾನು ಅದನ್ನು ಎರಡು ಹಲ್ಲು ತಿರುಗಿಸಿದ್ದರೆ ಎದುರಿನವನು ಫುಲ್ ಲೈಟ್ ಹಾಕುತ್ತಿರಲಿಲ್ಲವೇನೋ. ಖರ್ಚು ಸೊನ್ನೆ. ಇದರ ಜೊತೆಗೆ ಶಾಕ್ ಅಬ್ಸಾರ್ಬರ್, ಬುಷ್, ವೀಲ್ ಅಲೈನ್‌ಮೆಂಟ್. ಕಾರನ್ನು ತಗ್ಗಿಸುವ ಸ್ಪ್ರಿಂಗ್ ಹಾಕಿಸುವವರು ಒಮ್ಮೆ ಜೇವರ್ಗಿ ಕಡೆಯ ಹಳ್ಳಿಗಳ ಹಂಪು ದಾಟಿ ತೋರಿಸಲಿ, ಆಮೇಲೆ ಮಾತಾಡೋಣ.

ಇಷ್ಟು ಹೇಳಿದಾಗ ನನ್ನ ಗುಂಪಿನವರು ಮೂರು ಮಾತು ಎತ್ತುತ್ತಾರೆ.

ಒಂದು: "ಪವರ್ ಇದ್ರೆ ಓವರ್‌ಟೇಕ್ ಸೇಫ್." ಇದರಲ್ಲಿ ಸತ್ಯ ಇದೆ, ಅದಕ್ಕೇ ಇದು ಅಪಾಯದ ವಾದ. ಡಬಲ್ ಟ್ರಾಲಿ ದಾಟುವಾಗ ಎದುರು ದಾರಿಯಲ್ಲಿ ಇರುವ ಸಮಯ ಮ್ಯಾಪ್‌ನಿಂದ ಒಂದು ಸೆಕೆಂಡಿನಷ್ಟು ಕಡಿಮೆಯಾಗಬಹುದು. ಆದರೆ ಆ ಒಂದು ಸೆಕೆಂಡನ್ನು ನಾನು ಉಳಿಸಲಿಲ್ಲ, ಖರ್ಚು ಮಾಡಿದೆ. ಮೊದಲು ಕಾಯುತ್ತಿದ್ದ ಜಾಗದಲ್ಲಿ ನುಗ್ಗಲು ಶುರು ಮಾಡಿದೆ. ಸಂಬಳ ಹೆಚ್ಚಾದ ತಿಂಗಳೇ ಇಎಂಐ ಹೆಚ್ಚಾಗುತ್ತದಲ್ಲ, ಹಾಗೆ. ನೀವು ಹಾಗಲ್ಲ ಅಂತೀರಾ? ನಾನೂ ಹಾಗೇ ಅಂದಿದ್ದೆ.

ಎರಡು: "ಕಂಪನಿಯವರು ಬೇಕಂತಲೇ ಮಾರ್ಜಿನ್ ಇಟ್ಟಿರ್ತಾರೆ, ಅದನ್ನ ಬಳಸ್ಕೊಳ್ಳೋದು ಅಷ್ಟೆ." ಹೌದು, ಇಟ್ಟಿರುತ್ತಾರೆ. ಯಾರಿಗಾಗಿ? ನಮ್ಮ ಊರಿಗಾಗಿ. ಬೆಂಗಳೂರಿನ ಡೈನೊ ರೂಮಿನಲ್ಲಿ 25 ಡಿಗ್ರಿ. ಮೇ ತಿಂಗಳ ಕಲಬುರಗಿಯಲ್ಲಿ 43. ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ಒತ್ತಿದರೆ ಅದು ಎಷ್ಟು ಬಿಸಿಯಾಗುತ್ತದೆ ಅಂತ ಲೆಕ್ಕ ಹಾಕಬಹುದು. ಕಂಪ್ರೆಸರಿನ ದಕ್ಷತೆ ಶೇಕಡಾ 70 ಅಂತ ಹಿಡಿದರೆ 25ರ ಗಾಳಿ 118 ಡಿಗ್ರಿ ಆಗುತ್ತದೆ, 43ರ ಗಾಳಿ 140 ದಾಟುತ್ತದೆ. ಅದನ್ನು ತಣಿಸಬೇಕಾದ ಇಂಟರ್‌ಕೂಲರಿಗೆ ಸಿಗುವುದೂ ಅದೇ 43ರ ಗಾಳಿ. ಬಿಸಿ ಗಾಳಿಗೆ ಪೆಟ್ರೋಲ್ ಹೊತ್ತಿಗೆ ಮುಂಚೆ ಸಿಡಿಯಲು ನೋಡುತ್ತದೆ, ಅದೇ ನಾಕಿಂಗ್. ಅದು ಕೇಳಿಸಿದ ಕೂಡಲೇ ಇಸಿಯು ಕಿಡಿಯನ್ನು ತಡಮಾಡಿ ಶಕ್ತಿ ಕಡಿಮೆ ಮಾಡುತ್ತದೆ. ನಲವತ್ತು ಸಾವಿರದ ಕುದುರೆಗಳು ಅರ್ಧ ದಾರಿಯಲ್ಲೇ ನೆರಳು ಹುಡುಕಿಕೊಂಡು ಹೋಗುತ್ತವೆ. ಬೆಂಗಳೂರಲ್ಲಿ 100 ಆಕ್ಟೇನ್ ಪೆಟ್ರೋಲ್ ಹುಡುಕಿ ಹಾಕಿಸಿ ಬರೆಸಿದ ಮ್ಯಾಪ್‌ಗೆ ನಮ್ಮ ಕಡೆಯ ಬಂಕಿನಲ್ಲಿ ಆಗ ಸಿಗುತ್ತಿದ್ದದ್ದು 91ರ ಸಾದಾ ಪೆಟ್ರೋಲ್. ಆ ಮಾರ್ಜಿನ್ ಇದ್ದದ್ದು ಈ ಬಿಸಿಲಿಗೆ, ಈ ಪೆಟ್ರೋಲಿಗೆ, ಸರ್ವಿಸ್ ಎರಡು ಸಾವಿರ ಕಿಲೋಮೀಟರ್ ತಡ ಮಾಡುವ ನಮ್ಮಂಥವರಿಗೆ. ಸರ್ವರ್‌ನಲ್ಲಿ ಶೇಕಡಾ 30 ಖಾಲಿ ಇದೆ ಅಂತ ದೀಪಾವಳಿ ಸೇಲ್ ಹಿಂದಿನ ರಾತ್ರಿ ಯಾರಾದರೂ ಮೆಷಿನ್ ತೆಗೆದು ಹಾಕುತ್ತಾರಾ?

ಗೇರ್‌ಬಾಕ್ಸಿನ ಮಾತೂ ಇದೆ. ಫೋಕ್ಸ್‌ವ್ಯಾಗನ್ ಗುಂಪಿನ ಏಳು ಗೇರಿನ ಒಣ ಕ್ಲಚ್ ಡಿಎಸ್‌ಜಿ ತಡೆದುಕೊಳ್ಳಲೆಂದು ರೂಪಿಸಿದ್ದು 250 ನ್ಯೂಟನ್ ಮೀಟರ್. ಅವರದೇ 1.5 ಲೀಟರ್ ಟರ್ಬೊ ಎಂಜಿನ್ ಕಾರ್ಖಾನೆಯಿಂದಲೇ 250 ಕೊಡುತ್ತದೆ. ಅದರ ಮೇಲೆ ಮ್ಯಾಪ್ ಹಾಕಿಸುವವರಿಗೆ ಮಾರ್ಜಿನ್ ಎಲ್ಲಿದೆ ಅಂತ ಕೇಳಿ ನೋಡಿ. ಅದಕ್ಕೇ ನಾನು ಹೇಳುವುದು, ಎಂಜಿನ್ ಮೇಲೆ ದುಡ್ಡು ಹಾಕಲೇಬೇಕು ಅಂದರೆ ತಣ್ಣಗಿಡಲು ಹಾಕಿ. ಟರ್ಬೊ ನೇರ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಜೋರಾಗಿ ಒತ್ತಿದಾಗ ಆಗುವ ಅಕಾಲಿಕ ಸಿಡಿತವನ್ನು ತಡೆಯಲೆಂದೇ 2020ರಲ್ಲಿ ಎಪಿಐ ಎಸ್‌ಪಿ ದರ್ಜೆಯ ಆಯಿಲ್ ಬಂತು. ಅದನ್ನು ಹಾಕಿಸಿ. ಪ್ಲಗ್ ಹೊತ್ತಿಗೆ ಸರಿಯಾಗಿ ಬದಲಿಸಿ. ಇಂಟರ್‌ಕೂಲರ್ ಮುಂದೆ ಕೂತ ಧೂಳು, ಹುಳು ತೊಳೆಸಿ. ಗಾಡಿ ಕಂಪನಿ ಹೇಳಿದಷ್ಟನ್ನಾದರೂ ಮೇ ತಿಂಗಳಲ್ಲೂ ಕೊಡುತ್ತದೆ. ಮ್ಯಾಪ್ ಹಾಕಿಸಿದ ಎಷ್ಟೋ ಗಾಡಿಗಳು ಅದನ್ನೂ ಕೊಡುವುದಿಲ್ಲ.

ಈ ವಿದ್ಯೆ ಬೆಂಗಳೂರಿನದು ಅಂದುಕೊಳ್ಳಬೇಡಿ. ಆ ಹಬ್ಬ ಮುಗಿಸಿ ವಾಪಸ್ ಬರುವಾಗ ಜೇವರ್ಗಿಯಲ್ಲಿ ಪರಿಚಯದ ಮಿಸ್ತ್ರಿಯೊಬ್ಬನ ಅಂಗಡಿ ಮುಂದೆ ನಿಂತೆ. ಟ್ರ್ಯಾಕ್ಟರಿನ ಡೀಸೆಲ್ ಪಂಪ್ ರಿಪೇರಿ ಮಾಡುವವನು. ನನ್ನ ಮ್ಯಾಪ್ ಕಥೆ ಕೇಳಿ ನಕ್ಕ. "ಪಂಪಿನ ಸೀಲ್ ಒಡದು ಸ್ಕ್ರೂ ತಿರುವು ಅಂತ ನಮ್ಮ ಕಡೀನೂ ಮಂದಿ ಬರ್ತಾರ ತಮ್ಮಾ. ತಿರುವಿ ಕೊಡ್ತೀನಿ. ಕರೀ ಹೊಗಿ ಬರ್ತದ, ಮಂದಿ ಖುಷ್ ಆಗಿ ಹೋಗ್ತಾರ. ಆಮ್ಯಾಲ ಸುಟ್ಟ ಪಿಸ್ಟನ್ ತಗೊಂಡು ಮತ್ತ ಇಲ್ಲೇ ಬರ್ತಾರ." ಎರಡೂ ಕಡೆ ಅವನಿಗೆ ಲಾಭ. ನಮ್ಮ ಟ್ಯೂನರ್‌ಗೆ ಲ್ಯಾಪ್‌ಟಾಪ್ ಇದೆ, ಎಸಿ ರೂಮ್ ಇದೆ, ಅಷ್ಟೇ ವ್ಯತ್ಯಾಸ. ಮಿಸ್ತ್ರಿ ಪ್ರಾಮಾಣಿಕನಾಗಿ ಹೇಳಿದ, ಅದೂ ಒಂದು ವ್ಯತ್ಯಾಸ.

ಮೂರು: "ಯಾರಿಗೂ ಗೊತ್ತಾಗಲ್ಲ." ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಈ ಮಾತಿಗೆ, ಯಾಕೆಂದರೆ ಇದನ್ನು ಅತಿ ಹೆಚ್ಚು ಹೇಳಿದವನು ನಾನೇ. ಗೊತ್ತಾಗುತ್ತದೆ. ಫೋಕ್ಸ್‌ವ್ಯಾಗನ್ ಗುಂಪಿನ ಕಾರಿನ ಸಾಫ್ಟ್‌ವೇರ್ ತಿದ್ದಿದ್ದು ಪತ್ತೆಯಾದರೆ ಟಿಡಿ1 ಅನ್ನುವ ಗುರುತು ಬೀಳುತ್ತದೆ, ವಾರಂಟಿಗೆ ಅಲ್ಲಿಗೆ ನಮಸ್ಕಾರ. ಕಾನೂನಿಗೂ ಗೊತ್ತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನ ಬದಲಾವಣೆಗೆ ಕಡಿವಾಣ ಹಾಕುತ್ತದೆ. ತಯಾರಕರು ಹೇಳಿದ ವಿವರಕ್ಕೆ ವಿರುದ್ಧವಾಗುವಂತೆ ವಾಹನ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದ ಬದಲಾವಣೆ ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಇನ್ಶೂರೆನ್ಸ್‌ನವರಿಗೆ ಮ್ಯಾಪ್ ವಿಷಯ ಹೇಳದೆ ಮುಚ್ಚಿಟ್ಟವನು ಅಪಘಾತದ ದಿನ ಅವರ ಕೈಗೆ ತಾನೇ ಒಂದು ಕಾರಣ ಕೊಟ್ಟ ಹಾಗೆ. ಸ್ಟೇಜ್ ಟು ಅಂತ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಹಾಕಿಸುವವರ ಬಗ್ಗೆ ಒಂದೇ ಮಾತು. ನಿಮ್ಮ ಮಗು ಸ್ಕೂಲ್ ಬಸ್ಸಿಗೆ ಕಾಯುವಾಗ ಉಸಿರಾಡುವುದು ಅದೇ ಹೊಗೆಯನ್ನು.

ಆದರೆ ಸಿಕ್ಕಿಬೀಳುವ ಭಯ ನನ್ನ ಮುಖ್ಯ ವಾದ ಅಲ್ಲ. ಕಾರಿನ ಪಕ್ಕದ ಸೀಟಿನಲ್ಲಿ ಕೂತವರಿಗೆ ಗೊತ್ತಿರುವುದಿಲ್ಲ, ಅದು ಮುಖ್ಯ. ಕಬ್ಬಿನ ಟ್ರ್ಯಾಕ್ಟರ್ ಹುಡುಗನಿಗೆ ಗೊತ್ತಿರುವುದಿಲ್ಲ. ಸಾದಾ ಬಿಳಿ ಕಾರು ಬರುತ್ತಿದೆ, ಸಾದಾ ಕಾರಿನ ಹಾಗೇ ಬರುತ್ತದೆ ಅಂತ ಅಂದಾಜು ಮಾಡಿ ಎಮ್ಮೆ ಹೊಡೆದುಕೊಂಡು ರಸ್ತೆ ದಾಟುವ ಮುದುಕಿಗೆ ಗೊತ್ತಿರುವುದಿಲ್ಲ. ಕ್ಯೂ-ಹಡಗು ವೇಷ ಹಾಕಿದ್ದು ಶತ್ರುವಿಗೆ ಮೋಸ ಮಾಡಲು. ಅಫಜಲಪುರ ರಸ್ತೆಯಲ್ಲಿ ನಮ್ಮ ಶತ್ರು ಯಾರು?

ಸ್ಲೀಪರ್ ಕಟ್ಟುವುದನ್ನು ಬಲ್ಲವರು ಹೇಗೆ ಕಟ್ಟಿದರು ನೋಡಿ. 1991ರ ಸುಮಾರಿಗೆ ಬಂದ ಮರ್ಸಿಡಿಸ್ 500ಇ ನೋಡಲು ಅಂದಿನ ಟ್ಯಾಕ್ಸಿ ಮರ್ಸಿಡಿಸ್‌ನ ಅಣ್ಣ. ಬಾನೆಟ್ ಕೆಳಗೆ ಐದು ಲೀಟರಿನ ವಿ8. ಆದರೆ ಅವರು ಎಂಜಿನ್ ತುರುಕಿ ಕೈ ತೊಳೆದುಕೊಳ್ಳಲಿಲ್ಲ. ಪೋರ್ಶೆಯವರನ್ನು ಜೊತೆಗೆ ಕರೆದು ಗಾಲಿಗಳ ನಡುವಿನ ಅಗಲ ಹೆಚ್ಚಿಸಿದರು, 500 ಎಸ್‌ಎಲ್ ಸ್ಪೋರ್ಟ್ಸ್ ಕಾರಿನ ಬ್ರೇಕ್ ತಂದು ಹಾಕಿದರು. ಓಡಿಸ್ಲಾಕ ಎಷ್ಟು, ನಿಂದ್ರಸ್ಲಾಕ ಎಷ್ಟು ಅಂತ ಅವರಿಗೆ ಯಾರೂ ಕಟ್ಟೆಯ ಮೇಲೆ ಕೂತು ಕೇಳಬೇಕಾಗಲಿಲ್ಲ.

ನನ್ನ ಕಾರಿನ ಕಥೆ ಮುಗಿಸುತ್ತೇನೆ. ಬೆಂಗಳೂರಿಗೆ ಬಂದವನೇ ಹಳೆಯ ಮ್ಯಾಪ್ ವಾಪಸ್ ಹಾಕಿ ಅಂತ ಟ್ಯೂನರ್ ಹತ್ತಿರ ಹೋದೆ. ಹೆಸರು ಬೇಡ. ನನ್ನ ಕಾರಿನ ಮೂಲ ಫೈಲ್ ಬ್ಯಾಕಪ್ ಹುಡುಕಲು ಅವರಿಗೆ ಮೂರು ವಾರ ಬೇಕಾಯಿತು. 'ನಿಮ್ಮ ಕಾರಿಗಾಗಿಯೇ ಬರೆದದ್ದು' ಅಂತ ಕೊಟ್ಟಿದ್ದ ಮ್ಯಾಪ್, ನನ್ನ ಗುಂಪಿನ ಇನ್ನಿಬ್ಬರಿಗೆ ಕೊಟ್ಟಿದ್ದರಂತೆ, ಬೈಟ್ ಕೂಡ ಬದಲಿಲ್ಲದೆ. ಟೆಸ್ಟ್ ಇಲ್ಲ, ರೋಲ್‌ಬ್ಯಾಕ್ ಇಲ್ಲ, ಲಾಗ್ ಇಲ್ಲ. ಕಂಪನಿಯಲ್ಲಿ ಹೀಗೆ ಪ್ರೊಡಕ್ಷನ್‌ಗೆ ಕೋಡ್ ಹಾಕಿದವನನ್ನು ನಾವು ಸಂಜೆಯೊಳಗೆ ಮನೆಗೆ ಕಳಿಸುತ್ತೇವೆ. ಅಪ್ಪನನ್ನು ಕೂರಿಸಿಕೊಂಡು ನೂರರಲ್ಲಿ ಹೋಗುವ ಯಂತ್ರಕ್ಕೆ ಮಾತ್ರ ದುಡ್ಡು ಕೊಟ್ಟು ಹಾಕಿಸಿಕೊಳ್ಳುತ್ತೇವೆ.

ಈಗ ಕಾರಿನಲ್ಲಿ ಹೊಸ ಟೈರು, ಪ್ಯಾಡ್, ಆಯಿಲ್, ಹಿಂದೆ ಎರಡು ಹೊಸ ಶಾಕ್. ಎಲ್ಲ ಸೇರಿ ಮ್ಯಾಪಿಗಿಂತ ಸ್ವಲ್ಪವೇ ಹೆಚ್ಚಾಯಿತು. ಡಿಕ್ಕಿಯಲ್ಲಿ ಕೆಂಪು ರಿಫ್ಲೆಕ್ಟರ್ ಟೇಪಿನ ಎರಡು ಸುರುಳಿ ಇರುತ್ತವೆ. ಹಂಗಾಮಿನಲ್ಲಿ ಊರಿಗೆ ಹೋದಾಗ ಚಹಾ ಅಂಗಡಿ ಮುಂದೆ ನಿಂತ ಟ್ರಾಲಿಗಳ ಹುಡುಗರಿಗೆ ಹರಿದು ಕೊಡುತ್ತೇನೆ. ಹಲಗೆಗೆ ಬೇಡ, ಕಬ್ಬು ಮುಚ್ಚುತ್ತದೆ, ಬಡಿಗೆಗೆ ಸುತ್ತಿ ಕಬ್ಬಿನ ಹೊರಗೆ ಕಾಣುವ ಹಾಗೆ ಕಟ್ಟು ಅಂತ ಹೇಳುತ್ತೇನೆ. ಇದು ಸಮಾಜಸೇವೆ ಅಲ್ಲ, ಶುದ್ಧ ಸ್ವಾರ್ಥ. ನನ್ನ ಕಾರಿಗೆ ನಾನು ಮಾಡಿಸಿದ ಅತ್ಯಂತ ಅಗ್ಗದ ಅಪ್‌ಗ್ರೇಡ್ ಇನ್ನೊಬ್ಬನ ಗಾಡಿಯ ಮೇಲಿದೆ.

ಆದ್ದರಿಂದ ಇನ್ನು ಮೇಲೆ ಯಾರಾದರೂ ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಅಂತ ಬೀಗಿದರೆ, ನೂರರಿಂದ ಸೊನ್ನೆಗೆ ಎಷ್ಟು ಮೀಟರು ಅಂತ ಕೇಳಿ. ಟ್ಯೂನರ್ ಡೈನೊ ಪೇಪರ್ ತೋರಿಸಿದರೆ ಬ್ರೇಕಿನ ಪೇಪರ್ ಎಲ್ಲಿ ಅಂತ ಕೇಳಿ. ಉತ್ತರ ಇಲ್ಲದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ.

ನಮ್ಮ ಹುಡುಗ ನಿನ್ನೆ ಮತ್ತೆ ಸಿಕ್ಕಿದ್ದ. ಮೊಬೈಲ್ ಟಾರ್ಚ್ ಹಿಡಿದು ಬಗ್ಗಿ ನಾಲ್ಕೂ ಟೈರು ಓದಿಕೊಂಡು ಬಂದಿದ್ದ.

"ಸಾರ್, 1418 ಅಂತಿದೆ. ಅಂದ್ರೆ 2018ರ ಏಪ್ರಿಲ್ ಅಲ್ವಾ?"

"ಹೌದು."

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಟೈರು ಎಲ್ಲಿ ಹಾಕಿಸಿದ್ರಿ ಸಾರ್?" ಅಂದ.

ಆ ವಿಳಾಸ ಕೊಟ್ಟೆ.